ಹಾರದ ಗುಂಡು

ಕಡಿವಾಣ ಹಿಡಿದ ಬೆರಳುಗಳು ಮರಗಟ್ಟಿವೆ. ಕುದುರೆಯ ಮೈಯಿಂದ ಏಳುವ ಬಿಸಿ ಬೆವರಿನ ವಾಸನೆಯೊಂದೇ ಈ ಚಳಿಯಲ್ಲಿ ಸಮಾಧಾನ. ರಾತ್ರಿ ಎಂಟರ ಸುಮಾರಿಗೆ ಫೋರ್ಟ್ ಲಯನ್ ಬಿಟ್ಟವರು ಇನ್ನೂ ನಿಂತಿಲ್ಲ. ಸುಮಾರು 675 ಸೈನಿಕರು, ನಾಲ್ಕು ಫಿರಂಗಿಗಳು. ನಾಳೆ ಬೆಳಗಾದರೆ 1864ರ ನವೆಂಬರ್ 29. ಕೊಲರಾಡೊದ ಬಯಲಿನಲ್ಲಿ ಗಾಲಿಗಳು ಕಿರುಗುಡುತ್ತಿವೆ. ನಿಮ್ಮ ಮುಂದೆ, ಡಿ ಕಂಪನಿಯ ತುದಿಯಲ್ಲಿ, ಇಪ್ಪತ್ತಾರು ವರ್ಷದ ಕ್ಯಾಪ್ಟನ್ ಸೈಲಸ್ ಸೋಲ್. ಸದಾ ನಗಿಸುತ್ತಿದ್ದವನು ಈ ರಾತ್ರಿ ತುಟಿ ಬಿಚ್ಚುತ್ತಿಲ್ಲ.

ಆಡಬೇಕಾದದ್ದನ್ನು ಕೋಟೆಯಲ್ಲೇ ಆಡಿ ಬಂದಿದ್ದಾನೆ. ವಿಷಯವೆಲ್ಲ ಗೊತ್ತಿದ್ದೂ, ಭರವಸೆ ನಂಬಿ ಬೀಡುಬಿಟ್ಟವರ ಈ ಕೊಲೆಗೆ ಕೈ ಹಾಕುವವನು ಹೇಡಿ ಎಂದು ಉಳಿದ ಅಧಿಕಾರಿಗಳ ಮುಖಕ್ಕೇ ಹೇಳಿದ. ಮಾತು ಕರ್ನಲ್ ಜಾನ್ ಶಿವಿಂಗ್ಟನ್ ಕಿವಿಗೆ ಬಿತ್ತು. ಕರ್ನಲ್ ಬಿಡಾರದ ಕಡೆ ಸುಳಿಯಬೇಡ, ಬೆದರಿಕೆ ಹಾಕಿದ್ದಾನೆ ಎಂದು ಎಚ್ಚರಿಕೆಯೂ ಬಂತು. ಶಿವಿಂಗ್ಟನ್ ಹಿಂದೆ ಮೆಥಡಿಸ್ಟ್ ಪಾದ್ರಿ. 1862ರಲ್ಲಿ ಅಂತರ್ಯುದ್ಧದ ಗ್ಲೊರಿಯೆಟಾ ಕಣಿವೆಯ ಕಾಳಗದಲ್ಲಿ ಗೆದ್ದ ವೀರ. ಆ ಕಾಳಗದಲ್ಲಿ ಸೋಲ್ ಕೂಡ ಇದೇ ಪಡೆಯಲ್ಲಿದ್ದ.

ಹಾಗಾದರೆ ಸೋಲ್ ಈಗೇಕೆ ದಂಡಿನ ಜೊತೆ ಬರುತ್ತಿದ್ದಾನೆ? ಕೋಟೆಯ ಮೇಜರ್ ಸ್ಕಾಟ್ ಆಂಟನಿ ಮಾತು ಕೊಟ್ಟಿದ್ದಾನೆ: ದಂಡು ಹೋಗುವುದು ಮುಂದೆ ಸ್ಮೋಕಿ ಹಿಲ್ ಕಡೆಯ ಹೋರಾಟಗಾರರ ಮೇಲೆ, ಶೈಯೆನ್ ಮೂಲನಿವಾಸಿಗಳ ನಾಯಕ ಬ್ಲ್ಯಾಕ್ ಕೆಟಲ್‌ನ ಜನಕ್ಕೆ ಏನೂ ಆಗುವುದಿಲ್ಲ. ಸೋಲ್ ಆ ಮಾತನ್ನು ಪೂರ್ತಿ ನಂಬಿದನೆಂದು ನನಗನ್ನಿಸುವುದಿಲ್ಲ. ಆದರೆ ಅವನು ಕೋಟೆಯಲ್ಲೇ ಉಳಿದರೆ ಡಿ ಕಂಪನಿಯ ಬಂದೂಕುಗಳು ಬೇರೊಬ್ಬನ ಬಾಯಿಮಾತಿಗೆ ಕಾಯುತ್ತವೆ.

ಕತ್ತಲು ತಿಳಿಯಾಗುತ್ತಿದೆ. ಸ್ಯಾಂಡ್ ಕ್ರೀಕ್. ನೀರಿಗಿಂತ ಮರಳೇ ಹೆಚ್ಚಿರುವ ಹೊಳೆ, ಅದರ ಬಾಗಿನಲ್ಲಿ ಶೈಯೆನ್ ಮತ್ತು ಅರಪಾಹೊ ಜನರ ಗುಡಾರಗಳು. ಒಳಗೆ ಸುಮಾರು 750 ಮಂದಿ. ಇಲ್ಲಿ ಬೀಡುಬಿಡಿ, ಸೈನ್ಯ ನಿಮ್ಮನ್ನು ಮುಟ್ಟುವುದಿಲ್ಲ ಎಂಬ ಭರವಸೆಯ ಮೇಲೆ ಬಂದು ಕೂತವರು. ಎರಡು ತಿಂಗಳ ಹಿಂದೆ ಡೆನ್ವರ್ ಬಳಿಯ ಕ್ಯಾಂಪ್ ವೆಲ್ಡ್‌ನಲ್ಲಿ ಇವರ ನಾಯಕರು ಶಾಂತಿಯ ಮಾತಿಗೆ ಬಂದಿದ್ದರು. ಆ ದಿನದ ಫೋಟೋದಲ್ಲಿ ಬ್ಲ್ಯಾಕ್ ಕೆಟಲ್ ನಡುವೆ ಕೂತಿದ್ದಾನೆ. ಅವನ ಮುಂದೆ ನೆಲಕ್ಕೆ ಮಂಡಿಯೂರಿರುವವರು, ನಾಯಕರನ್ನು ಅಲ್ಲಿಗೆ ಕರೆತಂದ ಮೇಜರ್ ವೈನ್‌ಕೂಪ್ ಮತ್ತು ಸೈಲಸ್ ಸೋಲ್.

ನೋಡಿ, ಕಂಬವೊಂದು ಮೇಲೇಳುತ್ತಿದೆ. ಅಮೆರಿಕದ ಧ್ವಜ, ಅದರ ಜೊತೆಗೊಂದು ಬಿಳಿ ಬಾವುಟ. ಬ್ಲ್ಯಾಕ್ ಕೆಟಲ್ ತನ್ನವರಿಗೆ ಹೆದರಬೇಡಿ ಎಂದು ಕೂಗುತ್ತಿದ್ದಾನೆ.

ಮೊದಲ ಗುಂಡು. ಆಮೇಲೆ ಎಣಿಸಲಾಗುವುದಿಲ್ಲ. ಆಂಟನಿ ಮೂರು ಕಂಪನಿಗಳನ್ನು ನೂರು ಗಜದಷ್ಟು ಹತ್ತಿರಕ್ಕೆ ನುಗ್ಗಿಸಿದ್ದಾನೆ, ಅದರಲ್ಲಿ ನಿಮ್ಮದೂ ಒಂದು. ಮದ್ದಿನ ಹೊಗೆ ಗಂಟಲು ಸುಡುತ್ತಿದೆ. ಹೆಂಗಸರು ನಿಮ್ಮ ಕಡೆಗೇ ಓಡಿಬರುತ್ತಿದ್ದಾರೆ, ಮಂಡಿಯೂರುತ್ತಿದ್ದಾರೆ, ಕೈಚಾಚುತ್ತಿದ್ದಾರೆ. ವೃದ್ಧ ನಾಯಕ ವೈಟ್ ಆ್ಯಂಟಿಲೋಪ್ ಎದೆಯ ಮೇಲೆ ಕೈಕಟ್ಟಿ ನಿಂತು ತನ್ನ ಸಾವಿನ ಹಾಡು ಹಾಡುತ್ತಾ ಬೀಳುತ್ತಾನೆ. ನಿಮ್ಮ ಬೆರಳು ಕುದುರೆಯ ಮೇಲಿದೆ, ಬಂದೂಕಿನ ಕುದುರೆಯ ಮೇಲೆ. ಹಾರಿಸಲೇ? ಎಡಬಲದವರು ಹಾರಿಸುತ್ತಿದ್ದಾರೆ. ಹಾರಿಸದಿದ್ದರೆ ನಾಳೆ ದ್ರೋಹಿ. ಕಿವಿ ಒಂದೇ ದನಿಗಾಗಿ ತಡಕಾಡುತ್ತಿದೆ.

ಸೋಲ್ ಆಣತಿ ಕೊಡುವುದಿಲ್ಲ. ಇಲ್ಲಿ ಗುಂಡು ಹಾರಿಸುವವನು ಹೇಡಿ ಎಂದು ಅಬ್ಬರಿಸಿ ಕಂಪನಿಯನ್ನು ಹೊಳೆಯ ಆಚೆಗೆ ತಿರುಗಿಸುತ್ತಾನೆ. ಲೆಫ್ಟಿನೆಂಟ್ ಜೋಸೆಫ್ ಕ್ರೇಮರ್ ಕೂಡ ತನ್ನವರನ್ನು ತಡೆದಿದ್ದಾನೆ. ನಿಮ್ಮ ಬೆರಳು ಸಡಿಲವಾಗುತ್ತದೆ. ಆಗಲೇ ನಡುಕ ಶುರುವಾಗುವುದು.

ಈ ಹುಡುಗನಿಗೆ ಇಷ್ಟು ಎದೆ ಎಲ್ಲಿಂದ ಬಂತು? ಮೇನ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಕ್ಯಾನ್ಸಸ್‌ಗೆ ಬಂದವನು. ಗುಲಾಮಗಿರಿಯಿಂದ ಓಡಿಬಂದವರಿಗೆ ದಾರಿ ತೋರಿಸುವುದು ಅವನ ಮನೆಯವರ ಕೆಲಸ. ಅಂಥವರಿಗೆ ನೆರವಾಗಿ ಮಿಸೌರಿಯ ಜೈಲು ಸೇರಿದ್ದ ಜಾನ್ ಡಾಯ್‌ನನ್ನು 1859ರಲ್ಲಿ ಬಿಡಿಸಿ ತಂದ ಹತ್ತು ಮಂದಿಯಲ್ಲಿ ಇವನೂ ಒಬ್ಬ. ಕಾನೂನು ತಪ್ಪಿದಾಗ ಏನು ಮಾಡಬೇಕೆಂದು ಅವನಿಗೆ ಮೀಸೆ ಚಿಗುರುವ ಹೊತ್ತಿಗೇ ತಿಳಿದಿತ್ತು.

ಆದರೆ ಅವನು ಇತರರ ಬಂದೂಕು ತಡೆಯಲಾರ. ಜನ ಹೊಳೆಯ ದಂಡೆಯ ಮರಳನ್ನು ಕೈಯಿಂದ ತೋಡಿ ಅಡಗುತ್ತಾರೆ. ಫಿರಂಗಿಗಳು ಅಲ್ಲಿಗೂ ತಿರುಗುತ್ತವೆ. 230ಕ್ಕೂ ಹೆಚ್ಚು ಸಾವು, ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಕತ್ತರಿಸಿ ತೆಗೆದ ನೆತ್ತಿಯ ಚರ್ಮಗಳನ್ನು ಡೆನ್ವರಿನ ರಂಗಮಂದಿರದಲ್ಲಿ ಪ್ರದರ್ಶಿಸಿದರು, ಜನ ಚಪ್ಪಾಳೆ ತಟ್ಟಿದರು.

ಡಿಸೆಂಬರ್ 14ರಂದು ಸೋಲ್ ಕಂಡದ್ದನ್ನೆಲ್ಲ ವೈನ್‌ಕೂಪ್‌ಗೆ ಬರೆಯುತ್ತಾನೆ. ಫೆಬ್ರವರಿಯಲ್ಲಿ ಡೆನ್ವರಿನ ಮುಚ್ಚಿದ ಬಾಗಿಲ ಹಿಂದೆ ಸೈನಿಕ ವಿಚಾರಣೆ. ಮೊದಲ ಸಾಕ್ಷಿ ಅವನೇ. ಪಾಟೀಸವಾಲು ಹಾಕುವವನು ಸ್ವತಃ ಶಿವಿಂಗ್ಟನ್. ಹೊಳೆಯ ದಂಡೆಯ ಮೇಲೆ ಯೋಚಿಸಲು ಹೊತ್ತಿರಲಿಲ್ಲ. ಇಲ್ಲಿ ದಿನಗಟ್ಟಲೆ ಹೊತ್ತಿದೆ, ಹಿಂಜರಿಯಲು ನೂರು ಕಾರಣಗಳಿವೆ. ಇದು ಅದಕ್ಕಿಂತ ಕಠಿಣವಾದ ಧೈರ್ಯವೆಂದೇ ನಾನು ತಿಳಿದಿದ್ದೇನೆ.

1865ರ ಏಪ್ರಿಲ್ 23, ರಾತ್ರಿ. ಸೋಲ್ ಈಗ ಡೆನ್ವರಿನ ಕಾವಲು ಅಧಿಕಾರಿ. ಹರ್ಸಾಳನ್ನು ಮದುವೆಯಾಗಿ ಮೂರು ವಾರ. ಎಲ್ಲೋ ಗುಂಡಿನ ಸದ್ದು. ಬಲೆಯಿರಬಹುದು, ಆದರೂ ಹೋಗುವುದು ಅವನ ಕೆಲಸ. ಪಕ್ಕದಲ್ಲೇ ನಡೆಯಿರಿ, ಕತ್ತಲಲ್ಲಿ ಕಾಯುತ್ತಿರುವವನು ಸೈನಿಕ ಚಾರ್ಲ್ಸ್ ಸ್ಕ್ವಯರ್. ಎರಡು ಗುಂಡು. ಒಂದು ಸ್ಕ್ವಯರ್‌ನ ಕೈಗೆ, ಇನ್ನೊಂದು ಸೋಲ್‌ನ ತಲೆಗೆ.

ಹಂತಕನನ್ನು ನ್ಯೂ ಮೆಕ್ಸಿಕೋದಿಂದ ಹಿಡಿದು ತಂದರು. ಅವನು ಮತ್ತೆ ತಪ್ಪಿಸಿಕೊಂಡ. ಶಿವಿಂಗ್ಟನ್ ಆಗಲೇ ಸೇನೆ ಬಿಟ್ಟಿದ್ದರಿಂದ ಸೈನಿಕ ನ್ಯಾಯಾಲಯ ಅವನನ್ನು ಮುಟ್ಟಲಿಲ್ಲ. ಸೋಲ್ ಬರೆದ ಆ ಕಾಗದ ಮತ್ತೆ ಬೆಳಕಿಗೆ ಬಂದದ್ದು 2000ದಲ್ಲಿ. ಸ್ಯಾಂಡ್ ಕ್ರೀಕನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಕಾಪಾಡುವ ಕಾನೂನಿಗೆ ಅಮೆರಿಕದ ಕಾಂಗ್ರೆಸ್ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ.