ಔಷಧದಾನ ಮತ್ತು ದತ್ತು ಕುಟುಂಬ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳು ಶ್ರಾವಕನಿಗೆ ವಿಹಿತವಾಗಿವೆ. ಇವುಗಳಲ್ಲಿ ಔಷಧದಾನವೆಂದರೆ ರೋಗಿಯ ಕೈಗೆ ಮದ್ದನ್ನು ನೀಡುವುದಷ್ಟೇ ಎಂಬ ಭಾವನೆ ರೂಢಿಯಲ್ಲಿದೆ. ಆದರೆ ರೋಗಿಯ ಮನೆಯನ್ನರಿಯದೆ ಕೊಟ್ಟ ಮದ್ದು ಎಷ್ಟರಮಟ್ಟಿಗೆ ಫಲಿಸೀತು?

ವೈದ್ಯಶಿಕ್ಷಣಕ್ಕೆ ಈ ಪ್ರಶ್ನೆ ಹೊಸದಲ್ಲ. 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿಯು, ರೋಗಪ್ರತಿಬಂಧಕ ಹಾಗೂ ಸಾಮಾಜಿಕ ವೈದ್ಯದಲ್ಲಿ ವಿದ್ಯಾರ್ಥಿಗಳಿಗೆ ಮೂರು ತಿಂಗಳ ತರಬೇತಿ ಬೇಕೆಂದಿತ್ತು. 2021-22ರಲ್ಲಿ ಸೇರಿದ ತಂಡದಿಂದ ಮೊದಲ್ಗೊಂಡು, ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಪ್ರಥಮ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ಪಡೆದು, ಮರಳಿ ಮರಳಿ ಭೇಟಿಯಿತ್ತು ಅವುಗಳ ಆರೋಗ್ಯವನ್ನು ಗಮನಿಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿಧಿಸಿತು.

ಅಂತಹ ಒಬ್ಬ ವಿದ್ಯಾರ್ಥಿನಿಯ ಪ್ರಸಂಗ ಚಿಂತನಾರ್ಹವಾದುದು. ಅವಳ ಪಾಲಿಗೆ ಬಂದ ಮನೆಯೊಂದರಲ್ಲಿ ರಕ್ತದೊತ್ತಡವುಳ್ಳ ವೃದ್ಧೆಯೊಬ್ಬರಿದ್ದರು. “ಗುಳಿಗೆ ದಿನಾ ತಗೋತೀರಾ ಅಜ್ಜಿ?” ಎಂದರೆ “ಹೂಂ ಮಗಾ” ಎನ್ನುವರು. ಎರಡು ಭೇಟಿಗಳಲ್ಲಿಯೂ ಅವಳು ಹಾಗೆಯೇ ಬರೆದುಕೊಂಡಳು. ಮೂರನೆಯ ಸಲ ಒಳಗೆ ಕುಳಿತು ನೀರು ಕುಡಿಯುವಾಗ, ಗೋಡೆಯ ಗೂಡಿನಲ್ಲಿ ಬಿಡಿಸದ ಗುಳಿಗೆಯ ಹಾಳೆಗಳು ಕಂಡವು. ತಲೆನೋವು ನಿಂತಿತ್ತು; ಮತ್ತೆ ಬಂದರೆ ಇರಲೆಂದು ಅಜ್ಜಿ ಅವನ್ನು ಉಳಿಸಿದ್ದರು. ಮುಗಿದರೆ ತರುವುದಕ್ಕೆ ಮಗ ಒಂದು ದಿನದ ಕೂಲಿ ಬಿಡಬೇಕಿತ್ತು. “ಇಲ್ಲ ಅಂದ್ರೆ ನಿನಗೆ ಬೇಜಾರಾಗ್ತದೆ ಅಂತ ಹೂಂ ಅಂದೆ” ಎಂದರು.

ಹಿಂದಿನ ಪುಟಗಳನ್ನು ಹಾಗೆಯೇ ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೂ ಅವಳು ತನ್ನ ಬರಹ ತಪ್ಪೆಂದು ಗುರುಗಳಲ್ಲಿ ನಿವೇದಿಸಿ ತಿದ್ದಿದಳು. ಮರುವಾರ ಆಶಾ ಕಾರ್ಯಕರ್ತೆಯೊಡನೆ ಹೋಗಿ, ಈ ರೋಗ ಬಹುಮಟ್ಟಿಗೆ ನೋವನ್ನೇ ತೋರದೆ ಒಳಗೊಳಗೇ ಹಾನಿ ಮಾಡುವುದೆಂದೂ, ಮದ್ದನ್ನು ತಾನಾಗಿಯೇ ನಿಲ್ಲಿಸಬಾರದೆಂದೂ ಅಜ್ಜಿಗೂ ಮಗನಿಗೂ ತಿಳಿಹೇಳಿದಳು. ಗುಳಿಗೆಗಳು ಊರಿನಲ್ಲಿಯೇ ಕೈಸೇರುವ ಏರ್ಪಾಡಾಯಿತು.

ಅವಳು ಬೇಕೆಂದು ಸುಳ್ಳು ಬರೆದವಳಲ್ಲ. ಆದರೆ ಹಿಂಸೆಯ ಮೂಲವನ್ನು ಜೈನಾಚಾರ್ಯರು ದ್ವೇಷದಲ್ಲಿ ಮಾತ್ರವಲ್ಲ, ಪ್ರಮಾದದಲ್ಲಿಯೂ ಕಂಡರು. ಪರಾಂಬರಿಸದೆ ತುಂಬಿದ ಒಂದು ಪುಟವೂ ಒಂದು ಜೀವಕ್ಕೆ ಕೇಡಾದೀತು. ವೈಯಾವೃತ್ತ್ಯವನ್ನು, ಎಂದರೆ ಸೇವೆಯನ್ನು, ಅಂತರಂಗ ತಪಸ್ಸುಗಳಲ್ಲಿ ಎಣಿಸಿರುವುದರ ಮರ್ಮವೂ ಇದೇ: ಅಲ್ಲಿ ಕೈಯೊಡನೆ ಮನಸ್ಸೂ ಎಚ್ಚರವಾಗಿರಬೇಕು.

‘ದತ್ತು’ ಎಂಬ ಮಾತಿನಲ್ಲಿ ಕೊಡುವವನ ಹಮ್ಮು ಇಣುಕುತ್ತದೆ. ವಿಚಾರಿಸಿದರೆ, ಬಾಗಿಲು ತೆರೆದು, ನೀರು ಕೊಟ್ಟು, ಯಾವ ಗ್ರಂಥದಲ್ಲಿಯೂ ದೊರೆಯದ ಪಾಠವನ್ನು ಕಲಿಸಿದವರು ಆ ಅಜ್ಜಿ. ಶಾಸ್ತ್ರದಾನ ಮೊದಲು ಆ ಮನೆಯಿಂದಲೇ ಆಯಿತು. ವಿದ್ಯಾರ್ಥಿನಿಯ ಔಷಧದಾನ ಅದರ ಋಣಸಂದಾಯ.