ಲುಕ್‌ಔಟ್ ಕಂಡರೆ ಯಾಕಿಷ್ಟು ಅಳುಕು?

ಡೊಮಿನಿಯನ್ ಎಂಬ ಕಾರ್ಡ್ ಆಟದ ‘ಸೀಸೈಡ್’ ವಿಸ್ತರಣೆಯಲ್ಲಿ (2009) ಬಂದ ಲುಕ್‌ಔಟ್ ಕಾರ್ಡನ್ನು ಕೊಳ್ಳಲು ಹಲವರು ಹಿಂಜರಿಯುತ್ತಾರೆ. ಕಟ್ಟಿನ ಮೇಲಿನ ಮೂರು ಎಲೆ ನೋಡಿ ಒಂದನ್ನು ಆಟದಿಂದಲೇ ಕಿತ್ತೆಸೆಯಬೇಕು, ಒಂದನ್ನು ಬಳಸಿದ ರಾಶಿಗೆ ಹಾಕಬೇಕು, ಒಂದನ್ನು ವಾಪಸ್ ಇಡಬೇಕು. ಮೂರೂ ಒಳ್ಳೆಯವೇ ಬಂದರೆ? ಒಂದು ಹೋಯಿತೆಂದೇ ಲೆಕ್ಕ. ಆದರೆ ಎಣಿಸಿ ನೋಡಿ. ಶುರುವಿನ ಕಟ್ಟಿನಲ್ಲಿ 7 ತಾಮ್ರ, 3 ಎಸ್ಟೇಟ್; ಎಲ್ಲವೂ ದುರ್ಬಲ ಎಲೆಗಳೇ. ಮೊದಲೆರಡು ಸರದಿಯಲ್ಲಿ ಲುಕ್‌ಔಟ್ ಜತೆ ಒಂದು ಬೆಳ್ಳಿ ಕೊಂಡರೆ ಒಟ್ಟು 12. ಲುಕ್‌ಔಟ್ ಮೇಜಿನ ಮೇಲಿರುವಾಗ ಉಳಿದ 11ರಲ್ಲಿ ಕಾಪಾಡಬೇಕಾದದ್ದು ಆ ಬೆಳ್ಳಿ ಒಂದೇ. ಯಾವ ಮೂರು ಬಂದರೂ ಕನಿಷ್ಠ ಎರಡು ಕಸವೇ. (ಮೂರೂ ತಾಮ್ರವಾದರೆ ಕೊಳ್ಳುವ ಶಕ್ತಿ ತುಸು ಕುಗ್ಗುತ್ತದೆ, ಒಪ್ಪೋಣ.)

ಚಾಪೆಲ್ ಎಂಬ ಕಾರ್ಡು ಒಂದೇ ಏಟಿಗೆ ನಾಲ್ಕನ್ನು ಎಸೆಯುತ್ತದಲ್ಲ ಎನ್ನಬಹುದು. ಎಸೆಯುತ್ತದೆ, ಆದರೆ ಕೈಯಲ್ಲಿರುವವನ್ನೇ. ಆ ಸರದಿಯ ಖರೀದಿ ಬಹುತೇಕ ಹೋದಂತೆ. ಲುಕ್‌ಔಟ್ ಕೈಯಲ್ಲಿನ ಹಣ ಮುಟ್ಟುವುದಿಲ್ಲ, ಮೇಲಾಗಿ ಇನ್ನೊಂದು ಆಕ್ಷನ್ ಕೊಡುತ್ತದೆ. ಕಟ್ಟು ಚೊಕ್ಕವಾದ ಮೇಲೆ ಅಪಾಯ ನಿಜ. ಆಗ ಆಡಬೇಡಿ, ಆಡಲೇಬೇಕೆಂಬ ನಿಯಮವೇನೂ ಇಲ್ಲ; ಕೈಯಲ್ಲೊಂದು ಎಲೆ ದಂಡ, ಅಷ್ಟೇ ನಷ್ಟ. ಎದುರಾಳಿ ವಿಚ್ ಕಾರ್ಡ್ ಹಿಡಿದು ಶಾಪದ ಎಲೆ ಹಂಚುತ್ತಿದ್ದರಂತೂ ಲುಕ್‌ಔಟ್‌ಗೆ ಕೆಲಸ ಬರುತ್ತಲೇ ಇರುತ್ತದೆ.