ಗಾಳಿ ನಮ್ಮದು, ಕರೆಂಟ್ ಯಾವಾಗ?

ಕೂಡ್ಲಿಗಿ ಬಿಟ್ಟು ಕೊಟ್ಟೂರಿನ ಮೇಲೆ ಹರಪನಹಳ್ಳಿ ಕಡೆ ಹೊರಟರೆ ದಾರಿಯುದ್ದಕ್ಕೂ ಜೋಳ, ಮೆಕ್ಕೆಜೋಳ, ಶೇಂಗಾ ಹೊಲಗಳು. ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಜನ ಅದಕ್ಕೆ ಸಲೀಸಾಗಿ 'ಫ್ಯಾನ್' ಅಂತಾರೆ. ಮಳೆ ಕೈಕೊಟ್ಟರೂ ಗಾಳಿ ಕೈಬಿಡದ ನಾಡು ಇದು.

ಈ ಫ್ಯಾನ್‌ಗಳನ್ನು ನೋಡಿದರೆ ಕೀನ್ಯಾ ನೆನಪಾಗುತ್ತದೆ. ಅಲ್ಲಿನ ಟರ್ಕಾನಾ ಸರೋವರದ ಬಳಿಯೂ ಇಂಥದ್ದೇ ಒಣನೆಲ. 365 ಗಾಳಿಯಂತ್ರ, 310 ಮೆಗಾವ್ಯಾಟ್. 2017ರಲ್ಲೇ ಸಿದ್ಧವಾದರೂ ನೈರೋಬಿ ಕಡೆಗೆ ವಿದ್ಯುತ್ ಒಯ್ಯುವ 400 ಕಿಲೋಮೀಟರಿಗೂ ಉದ್ದದ ಲೈನ್ ಮುಗಿಯದೆ 2018ರವರೆಗೆ ಸುಮ್ಮನೆ ನಿಂತಿದ್ದವು. ಫ್ಯಾನ್ ಇದ್ದರೆ ಸಾಲದು, ನಗರ ಮುಟ್ಟುವ ತಂತಿಯೂ ಬೇಕು.

ನಮ್ಮಲ್ಲಿ ತಂತಿ ಇದೆ, ತಕರಾರು ಹೊತ್ತಿನದು. ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ಟಾರ್ಚ್ ಹಿಡಿದು ಪಂಪ್‌ಸೆಟ್ ಹತ್ತಿರ ಹೋಗಲೇಬೇಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಸುತ್ತಮುತ್ತ ಆ ಕತ್ತಲಲ್ಲಿ ಕರಡಿ ಎದುರಾದರೆ? ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್‌ಗೆ ಹಗಲಲ್ಲೇ ವಿದ್ಯುತ್ ಕೊಡುವ ಕುಸುಮ್ ಯೋಜನೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಫ್ಯಾನ್ ಮುಂದೆ ಸೆಲ್ಫಿ ತಗೊಂಡ ಮೇಲೆ ಕೆಳಗಿನ ಹೊಲದವರನ್ನೂ ಒಮ್ಮೆ ಕೇಳಿ: 'ನಿಮಗೆ ಕರೆಂಟ್ ಯಾವಾಗ ಬರ್ತದ್ರೀ?'